ಮಳೆಗಾಲಕ್ಕೊಂದು ಭರಣಿ, ಹಿತ್ತಿಲಿಗೊಂದು ಪಾತಿ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಮ್ಮ ಹಿರಿಯರು ಆಡಿದ ಗಾದೆ. ಕೈಗೆಟಕುವ ವಸ್ತುವಿನ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದೇ ಅದರ ಅರ್ಥ. ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ಈ ಗಾದೆಯ ವಿಸ್ತರಣೆಯನ್ನು ಬರೆಸುವಾಗ ನಾವು ಮಕ್ಕಳಿಗೆ ಒಂದು ಪ್ರಶ್ನೆ ಹಾಕಿದೆವು. “ನಿನ್ನೆ ರಾತ್ರಿ ನಿಮ್ಮ ಮನೆಯ ಸಾರಿಗೆ ಹಾಕಿದ ತರಕಾರಿ ಯಾವುದು? ಅದು ಎಲ್ಲಿಂದ ಬಂತು?” ತರಕಾರಿಯ ಹೆಸರು ಎಲ್ಲರಿಗೂ ಗೊತ್ತಿತ್ತು. ಎಲ್ಲಿಂದ ಬಂತೆಂಬುದಕ್ಕೆ ಹೆಚ್ಚಿನವರು ಕೊಟ್ಟ ಉತ್ತರ, “ಅಂಗಡಿಯಿಂದ, ಟೀಚರ್.” ಅಂಗಡಿಗೆ ಎಲ್ಲಿಂದ ಬಂತೆಂದು ಕೇಳಿದಾಗ ಒಬ್ಬ ಹುಡುಗ, “ಲಾರಿಯಿಂದ” ಎಂದ. ತರಗತಿಯೆಲ್ಲ ನಕ್ಕಿತು. ಆದರೆ ಆ ಹುಡುಗ ಹೇಳಿದ್ದರಲ್ಲಿ ತಪ್ಪೇನಿದೆ? ನಾವಿಂದು ಹೊಲವನ್ನಲ್ಲ, ಲಾರಿಯನ್ನು ನಂಬಿ ಒಲೆ ಹೊತ್ತಿಸುವವರಾಗಿದ್ದೇವೆ.

ಲಾರಿ ಬಾರದ ದಿನ ಏನು ಮಾಡುವುದು? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಅಡುಗೆಮನೆಯಲ್ಲೂ ಹಿತ್ತಿಲಲ್ಲೂ ಹುಡುಕುವುದೇ ಈ ಲೇಖನದ ಉದ್ದೇಶ. ನಾವು ಹುಟ್ಟಿ ಬೆಳೆದದ್ದು ವಯನಾಡಿನಲ್ಲಿ. ಮನೆಯೊಳಗೆ ಕನ್ನಡ, ಅಂಗಡಿಬೀದಿಯಲ್ಲಿ ಮಲೆಯಾಳ. ಓದಿದ್ದೂ ಎರಡು ಭಾಷೆಗಳಲ್ಲಿ. ಗಡಿಯ ಎರಡೂ ಕಡೆಗಳಲ್ಲಿ ನೆಂಟರಿಷ್ಟರನ್ನು ಹೊಂದಿರುವ ನಮ್ಮ ಮಕ್ಕಳಿಗೂ ಪೋಷಕರಿಗೂ ಆ ನಾಡು ಹೊಸದಲ್ಲ. ಆದುದರಿಂದ ಅಲ್ಲಿಯ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ.

ವಯನಾಡು ಕಲಿಸುವ ಪಾಠ

ವಯನಾಡು 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ನಾಡು ಬಹಳ ಹಳೆಯದು. ‘ವಯಲ್’ ಎಂದರೆ ಗದ್ದೆ; ವಯನಾಡು ಎಂದರೆ ಗದ್ದೆಗಳ ನಾಡು ಎಂದು ಅರ್ಥ ಹೇಳುವುದುಂಟು. ಗಂಧಕಸಾಲ, ಜೀರಕಸಾಲ ಎಂಬ ಪರಿಮಳದ ಅಕ್ಕಿಗಳು ಅಲ್ಲಿಯವೇ. ಕನ್ನಡದ ನಂಟೂ ಅಲ್ಲಿಗೆ ಹೊಸದೇನಲ್ಲ. ಇಂದಿನ ಸುಲ್ತಾನ್ ಬತ್ತೇರಿಯಲ್ಲಿ ಹಿಂದೆ ಜೈನ ವರ್ತಕರಿದ್ದ ಕೇರಿಗೆ ‘ಹನ್ನೆರಡು ಬೀದಿ’ ಎಂಬ ಕನ್ನಡದ ಹೆಸರೇ ಇತ್ತು.

ಗದ್ದೆಗಳ ಈ ನಾಡಿನಲ್ಲಿ ಈಗ ಎಲ್ಲಿ ನೋಡಿದರೂ ಕಾಫಿ, ಕರಿಮೆಣಸು, ಚಹಾ, ಅಡಕೆ. ಗದ್ದೆಗಳಲ್ಲಿಯೂ ಬಹುಪಾಲು ಬಾಳೆ ಮತ್ತು ಶುಂಠಿ. ಇವು ಒಳ್ಳೆಯ ಬೆಳೆಗಳೇ ಸರಿ. ಇವುಗಳಿಂದಲೇ ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ಎಷ್ಟೋ ಮಂದಿ ಇದ್ದಾರೆ. ಆದರೆ ಕಾಫಿಯನ್ನು ಉಂಡು ಹೊಟ್ಟೆ ತುಂಬಿಸಲಾಗದು. ಮಾರಿ ಬಂದ ಹಣದಿಂದ ಅಕ್ಕಿಯನ್ನೂ ತರಕಾರಿಯನ್ನೂ ಕೊಳ್ಳಬೇಕು. 2000ರ ನಂತರದ ಕೆಲವು ವರ್ಷಗಳಲ್ಲಿ ಕಾಫಿ, ಮೆಣಸುಗಳ ಬೆಲೆ ಕುಸಿದಾಗ ಸಾಲದ ಹೊರೆ ತಾಳಲಾರದೆ ಎಷ್ಟೋ ರೈತ ಕುಟುಂಬಗಳು ಮನೆಯ ಯಜಮಾನನನ್ನೇ ಕಳೆದುಕೊಂಡವು. ಆ ದುಃಖಕ್ಕೆ ಕಾರಣಗಳು ಹಲವು. ಹಿತ್ತಿಲ ಪಾತಿಯೊಂದರಿಂದ ಅದು ತಪ್ಪುತ್ತಿತ್ತೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಬೆಲೆ ಬಿದ್ದ ವರ್ಷವೂ ಹಿತ್ತಿಲಲ್ಲಿ ಗೆಣಸು, ಬೋಗುಣಿಯಲ್ಲಿ ಹುರುಳಿ ಇದ್ದ ಮನೆಯವರು ಊಟಕ್ಕಾಗಿ ಹೊಸ ಸಾಲ ಮಾಡಲಿಲ್ಲವೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಎರಡನೆಯದು ದಾರಿಯ ಮಾತು. ವಯನಾಡಿಗೆ ತರಕಾರಿಯ ದೊಡ್ಡ ಪಾಲು ಬರುವುದು ಗುಂಡ್ಲುಪೇಟೆ, ಮೈಸೂರುಗಳ ಕಡೆಯಿಂದ. ಬಂಡೀಪುರದ ಕಾಡಿನ ನಡುವಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಓಡಾಟವಿಲ್ಲ. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಬೇಕಾದದ್ದೇ. ಇನ್ನೊಂದು ಬದಿಯ ತಾಮರಶ್ಶೇರಿ ಘಾಟಿಯಲ್ಲಿ ಮಳೆಗಾಲದಲ್ಲಿ ಮಣ್ಣು ಕುಸಿದು ಸಂಚಾರ ನಿಲ್ಲುವುದುಂಟು. 2018ರ ಆಗಸ್ಟಿನ ಮಹಾಮಳೆಯಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಗಡಿಯ ಕೆಲವು ದಾರಿಗಳಿಗೆ ಮಣ್ಣಿನ ರಾಶಿಯನ್ನೇ ಸುರಿಯಲಾಯಿತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡವೇ ಜಾರಿ ನೂರಾರು ಮಂದಿ ಪ್ರಾಣ ಬಿಟ್ಟರು. ಗುಡ್ಡ ಜಾರಿದಾಗ ಭರಣಿ ಯಾರನ್ನೂ ಕಾಪಾಡದು. ಅದನ್ನು ಮರೆತು ಮಾತನಾಡಬಾರದು. ಆದರೆ ಮಳೆ ಹಿಡಿದು, ದಾರಿ ಕಡಿದು, ಒಂದು ವಾರ ಮನೆಯಲ್ಲೇ ಕುಳಿತುಕೊಳ್ಳಬೇಕಾದ ದಿನಗಳು ನಮ್ಮ ಬದುಕಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಅಂಥ ದಿನಗಳಿಗಾಗಿಯೇ ಈ ವಿದ್ಯೆ.

ನಮ್ಮ ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಬರುವ ಕರ್ಕಾಟಕ ಮಾಸವನ್ನು ಮಲೆಯಾಳಿಗಳು ಬರಗಾಲದ ತಿಂಗಳೆಂದೇ ಕರೆಯುತ್ತಿದ್ದರು. ಕೂಲಿ ಇಲ್ಲ, ಹೊಲದಲ್ಲಿ ಕೊಯ್ಲಿಲ್ಲ, ಬಿಸಿಲಿಲ್ಲ. ಆ ಒಂದು ತಿಂಗಳನ್ನು ದಾಟಲು ಅವರು ಉಳಿದ ತಿಂಗಳುಗಳಲ್ಲಿ ತಯಾರಾಗುತ್ತಿದ್ದರು.

ವಸ್ತು ಕೆಡುವುದೇಕೆ?

ತಯಾರಿಯ ಮೊದಲು ಅದರ ಹಿಂದಿನ ವಿಜ್ಞಾನವನ್ನು ತಿಳಿಯಬೇಕು. ಆಹಾರ ಕೆಡುವುದು ಬೂಷ್ಟು, ಬ್ಯಾಕ್ಟೀರಿಯಾಗಳಂತಹ ಸೂಕ್ಷ್ಮಜೀವಿಗಳಿಂದ. ಅವುಗಳಿಗೆ ಬದುಕಲು ಮುಖ್ಯವಾಗಿ ನೀರು ಬೇಕು. ನೀರನ್ನು ತೆಗೆದುಬಿಟ್ಟರೆ ಅವು ಬೆಳೆಯಲಾರವು. ಒಣಗಿಸುವುದರ ಗುಟ್ಟು ಇದೇ. ಉಪ್ಪು ಬೇರೊಂದು ದಾರಿಯಿಂದ ಅದೇ ಕೆಲಸವನ್ನು ಮಾಡುತ್ತದೆ. ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಸೂಕ್ಷ್ಮಜೀವಿಯ ಒಡಲಿನ ನೀರನ್ನೂ ಎಳೆದುಬಿಡುತ್ತದೆ. ಮಿಡಿಗೆ ಉಪ್ಪು ಹಾಕಿದ ಮರುದಿನ ಭರಣಿಯಲ್ಲಿ ನೀರು ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಆ ನೀರು ನಾವು ಹಾಕಿದ್ದಲ್ಲ, ಮಿಡಿಯೇ ಬಿಟ್ಟದ್ದು. ಮೂರನೆಯದು ಹುಳಿ. ಹುಳಿಯಲ್ಲಿ ಹೆಚ್ಚಿನ ಕೇಡಿನ ಬ್ಯಾಕ್ಟೀರಿಯಾಗಳು ಬೆಳೆಯವು. ನಾಲ್ಕನೆಯದು ಎಣ್ಣೆ. ಉಪ್ಪಿನಕಾಯಿಯ ಮೇಲೆ ನಿಲ್ಲುವ ಎಣ್ಣೆಯ ಪದರ ಗಾಳಿಯನ್ನು ತಡೆಯುತ್ತದೆ. ಗಾಳಿಯಿಲ್ಲದೆ ಬೂಷ್ಟು ಬೆಳೆಯದು. ಒಣಗಿಸುವುದು, ಉಪ್ಪು, ಹುಳಿ, ಎಣ್ಣೆ: ಈ ನಾಲ್ಕು ಕಾವಲುಗಾರರಲ್ಲಿ ಇಬ್ಬರಾದರೂ ಇದ್ದರೆ ಭರಣಿ ಭದ್ರ.

ಬಿಸಿಲಿನ ದುಡಿಮೆ

ವಯನಾಡಿನ ಮನೆಗಳಲ್ಲಿ ಬೇಸಗೆಯ ದೊಡ್ಡ ಕೆಲಸವೆಂದರೆ ಮರಗೆಣಸನ್ನು ಒಣಗಿಸುವುದು. ಮಲೆಯಾಳದಲ್ಲಿ ಇದಕ್ಕೆ ಕಪ್ಪ ಎನ್ನುತ್ತಾರೆ. ದಕ್ಷಿಣ ಅಮೆರಿಕದಿಂದ ಬಂದ ಈ ಗೆಣಸನ್ನು 1880ರ ದಶಕದಲ್ಲಿ ತಿರುವಾಂಕೂರಿನ ಮಹಾರಾಜ ವಿಶಾಖಂ ತಿರುನಾಳರು ಪ್ರೋತ್ಸಾಹಿಸಿದರು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದಾಗ ಲಕ್ಷಾಂತರ ಮಂದಿಯ ಹೊಟ್ಟೆ ತುಂಬಿಸಿದ್ದು ಇದೇ ಗೆಣಸು. ಆ ಕಾಲದಲ್ಲಿ ತಿರುವಾಂಕೂರಿನಿಂದ ಗುಡ್ಡ ಹತ್ತಿ ಬಂದ ವಲಸೆಗಾರರು ವಯನಾಡಿನಲ್ಲಿ ಮೊದಲು ನೆಟ್ಟದ್ದೂ ಅದನ್ನೇ.

ಒಣಗಿಸುವ ಕ್ರಮ ಹೀಗೆ: ಗೆಣಸಿನ ಸಿಪ್ಪೆ ಸುಲಿದು, ಬಿಲ್ಲೆಗಳಾಗಿ ಹೆಚ್ಚಿ, ಧಾರಾಳ ನೀರಿನಲ್ಲಿ ಅರೆಬೇಯಿಸಬೇಕು. ಆ ನೀರನ್ನು ಪೂರ್ತಿ ಬಸಿದು ಚೆಲ್ಲಬೇಕು. ಇದು ಬಹು ಮುಖ್ಯ. ಮರಗೆಣಸಿನಲ್ಲಿ ಸಯನೈಡ್ ಎಂಬ ವಿಷವನ್ನು ಬಿಡುವ ಅಂಶವಿದೆ. ಸಿಪ್ಪೆಯಲ್ಲೂ ಎಲೆಯಲ್ಲೂ ಹೆಚ್ಚು. ಹೆಚ್ಚುವುದರಿಂದ, ಬೇಯಿಸಿ ಬಸಿಯುವುದರಿಂದ, ಒಣಗಿಸುವುದರಿಂದ ಅದು ಕಳೆಯುತ್ತದೆ. ಎಲೆಯನ್ನು ದನಗಳ ಬಾಯಿಗೆ ಸಿಗದಂತೆ ಇಡುವುದೂ ಇದೇ ಕಾರಣಕ್ಕೆ. ಬಸಿದ ಬಿಲ್ಲೆಗಳನ್ನು ಚಾಪೆಯ ಮೇಲೋ ಬಂಡೆಯ ಮೇಲೋ ಹರಡಿ, ಮುರಿದರೆ ಟಕ್ಕೆಂದು ಸದ್ದಾಗುವ ತನಕ ಬಿಸಿಲಿಗಿಡಬೇಕು. ತಣಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿದರೆ ಮಳೆಗಾಲವೆಲ್ಲ ನಡೆಯುತ್ತದೆ. ಬೇಕಾದಾಗ ರಾತ್ರಿ ನೆನೆಹಾಕಿ, ಬೆಳಗ್ಗೆ ಬೇಯಿಸಿ ಬಸಿದು, ತೆಂಗಿನತುರಿ, ಗಾಂಧಾರಿ ಮೆಣಸು ಸೇರಿಸಿದರಾಯಿತು.

ಎರಡನೆಯದು ಹಲಸು. ಕೇರಳ ಸರಕಾರ 2018ರಲ್ಲಿ ಇದನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಆದರೂ ನಮ್ಮಲ್ಲಿ ಮರದಡಿ ಬಿದ್ದು ಕೊಳೆಯುವ ಹಲಸಿಗೆ ಲೆಕ್ಕವಿಲ್ಲ. ಬಲಿತ ಕಾಯಿಯ ಸೊಳೆಯನ್ನು ಬಿಡಿಸಿ, ಉಪ್ಪು ಅರಸಿನ ಹಾಕಿದ ಕುದಿನೀರಿನಲ್ಲಿ ಎರಡು ಮೂರು ನಿಮಿಷ ಮುಳುಗಿಸಿ ತೆಗೆದು ಒಣಗಿಸಬಹುದು. ಇಲ್ಲವೆ ನಾಲ್ಕು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪಿನಂತೆ ಪದರ ಪದರವಾಗಿ ಭರಣಿಯಲ್ಲಿ ತುಂಬಿ, ಮೇಲೆ ಭಾರವಿಟ್ಟು, ಉಪ್ಪುಸೊಳೆ ಮಾಡಬಹುದು. ಬಳಸುವ ಮುನ್ನ ನೀರಿನಲ್ಲಿ ನೆನೆಸಿ ಉಪ್ಪನ್ನು ಬಿಡಿಸಬೇಕು. ರಕ್ತದೊತ್ತಡವಿರುವ ಹಿರಿಯರಿಗೆ ಇದು ಆಗದು. ಬೀಜಗಳನ್ನು ತೊಳೆದು ನೆರಳಿನಲ್ಲಿ ಆರಿಸಿ, ಒಣಮರಳಿನಲ್ಲಿ ಹೂತಿಟ್ಟರೆ ಕೆಲವು ತಿಂಗಳು ಉಳಿಯುತ್ತವೆ.

ಕಾಡಿನಂಚಿನ ಮನೆಗಳಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಹಲಸು ಹಣ್ಣಾದರೆ ಅದರ ಪರಿಮಳಕ್ಕೆ ಆನೆ ಅಂಗಳಕ್ಕೆ ಬರುತ್ತದೆ. ಎಷ್ಟೋ ಮನೆಯವರು ಆನೆಯ ಭಯಕ್ಕೆ ಎಳೆಗಾಯಿಯನ್ನೇ ಕಿತ್ತು ಎಸೆಯುತ್ತಾರೆ. ಎಸೆಯುವ ಬದಲು ಬಲಿಯುತ್ತಲೇ ಕೊಯ್ದು ಒಣಗಿಸಿದರೆ ಮನೆಗೂ ಕ್ಷೇಮ, ಮಳೆಗಾಲಕ್ಕೂ ಪಲ್ಯ.

ಮೂರನೆಯದು ಕೂವೆ. ಇದರ ಗೆಡ್ಡೆಯನ್ನು ತೊಳೆದು, ತುರಿದು, ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ, ಆ ನೀರನ್ನು ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬಿಳಿಯ ಹಿಟ್ಟು ಕೂಡುತ್ತದೆ. ಕಹಿ ಹೋಗುವ ತನಕ ದಿನವೂ ಮೇಲಿನ ನೀರನ್ನು ಬದಲಿಸಿ, ಹಿಟ್ಟನ್ನು ಒಣಗಿಸಬೇಕು. ಬುಟ್ಟಿ ತುಂಬ ಗೆಡ್ಡೆಗೆ ಒಂದು ಬಟ್ಟಲು ಹಿಟ್ಟು ಬಂದೀತು. ಅಂಗಡಿಯಲ್ಲಿ ಅದಕ್ಕೇಕೆ ಅಷ್ಟು ಬೆಲೆಯೆಂಬುದು ಒಮ್ಮೆ ಮಾಡಿ ನೋಡಿದವರಿಗೆ ತಿಳಿಯುತ್ತದೆ. ಹೊಟ್ಟೆ ಕೆಟ್ಟವರಿಗೆ ಇದರ ಗಂಜಿಯನ್ನು ಕೊಡುವುದು ನಮ್ಮಲ್ಲಿ ರೂಢಿ.

ಇನ್ನುಳಿದ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸುಗಳನ್ನು ನಮ್ಮ ತಾಯಂದಿರಿಗೆ ನಾವು ಹೇಳಿಕೊಡಬೇಕಾದುದಿಲ್ಲ.

ಒಂದು ಒದ್ದೆ ಸೌಟು

ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಮದುವೆಯಾದ ಮೊದಲ ವರ್ಷ ಅಮ್ಮ ಒಂದು ದೊಡ್ಡ ಭರಣಿ ಮಿಡಿ ಉಪ್ಪಿನಕಾಯಿಯನ್ನು ಕಳಿಸಿದ್ದರು. “ಕೈ ಒದ್ದೆ ಮಾಡ್ಕೊಂಡು ಮುಟ್ಟಬೇಡ ಮಗಾ” ಎಂದಷ್ಟೇ ಹೇಳಿದ್ದರು. ಅವಸರದ ಒಂದು ಬೆಳಗ್ಗೆ ಆಗ ತಾನೇ ತೊಳೆದ ಸೌಟನ್ನು ನಾವು ಅದರೊಳಗೆ ಹಾಕಿದೆವು. ಮೂರು ವಾರಗಳಲ್ಲಿ ಮೇಲೆಲ್ಲ ಬೂಷ್ಟು. ಮೇಲಿನದನ್ನು ತೆಗೆದು ಉಳಿದುದನ್ನು ತಿನ್ನಬಹುದಲ್ಲ ಎಂದುಕೊಂಡೆವು. ಅಷ್ಟರಲ್ಲಿ ಊರಿನಿಂದ ಬಂದ ಅಮ್ಮ ಮಾತಿಲ್ಲದೆ ಭರಣಿಯನ್ನು ಎತ್ತಿಕೊಂಡು ಹೋಗಿ ಬಾಳೆಬುಡಕ್ಕೆ ಸುರಿದರು. ಒಂದು ವರ್ಷದ ದುಡಿಮೆ ಮಣ್ಣುಪಾಲಾಯಿತು. ಅಮ್ಮ ಮಾಡಿದ್ದೇ ಸರಿ. ಕೆಲವು ಬಗೆಯ ಬೂಷ್ಟು ಕಣ್ಣಿಗೆ ಕಾಣದ ವಿಷವನ್ನು ಆಹಾರದೊಳಗೆ ಇಳಿಸುತ್ತದೆ. ನೆಲಗಡಲೆ, ಜೋಳ, ಒಣಗೆಣಸುಗಳಲ್ಲಿ ಹಿಡಿಯುವ ಬೂಷ್ಟು ಇಂಥದು. ಸಾಮಾನ್ಯ ಅಡುಗೆಯ ಬಿಸಿಗೆ ಆ ವಿಷ ಸಾಯದು. ಬೂಷ್ಟು ಬಂದುದನ್ನು ಒರಸಿ ತಿನ್ನುವುದು ಮಿತವ್ಯಯವಲ್ಲ.

ಇನ್ನೆರಡು ಎಚ್ಚರಿಕೆಗಳು. ಹುಳಿಯ ವಸ್ತುಗಳನ್ನು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಇಡಬಾರದು. ಪಿಂಗಾಣಿ, ಗಾಜು ಒಳ್ಳೆಯದು. ಉಪ್ಪು ಹುಳಿಗಳಿಲ್ಲದೆ ಬೇಯಿಸಿದ ತರಕಾರಿಯನ್ನು ಗಾಳಿಯಾಡದ ಬಾಟಲಿಯಲ್ಲಿ ತುಂಬಿ ತಿಂಗಳುಗಟ್ಟಲೆ ಇಡಲೇಬಾರದು. ಗಾಳಿಯಿಲ್ಲದ ಕಡೆಯಲ್ಲೇ ಬೆಳೆದು ಪ್ರಾಣಕ್ಕೆ ಎರವಾಗುವ ಬ್ಯಾಕ್ಟೀರಿಯಾವೊಂದಿದೆ.

ಹಿತ್ತಿಲ ಒಂದು ಸೆಂಟ್

ಈಗ ಹಿತ್ತಿಲಿಗೆ ಬರೋಣ. ಒಂದು ಸೆಂಟ್ ಎಂದರೆ ಸುಮಾರು 435 ಚದರ ಅಡಿ. ಅಷ್ಟು ಜಾಗವಿದ್ದರೆ ಸಾಕು. ಅದೂ ಇಲ್ಲದವರು ಹಳೆಯ ಗೋಣಿ, ಒಡೆದ ಬಕೆಟುಗಳಲ್ಲಿ ಮೂರು ಗಿಡಗಳನ್ನಾದರೂ ಬೆಳೆಸಬಹುದು.

ಮೊದಲು ಗಮನಿಸಬೇಕಾದದ್ದು ಮಳೆ. ಜೂನಿನಿಂದ ಸೆಪ್ಟೆಂಬರಿನ ತನಕ ನಮ್ಮ ಕಡೆ ಟೊಮೇಟೊ, ಹರಿವೆಗಳನ್ನು ಬಯಲಲ್ಲಿ ಹಾಕಿದರೆ ಕೊಳೆಯುವುದೇ ಹೆಚ್ಚು. ಆ ಕಾಲದ ಬೆಳೆ ನೆಲದ ಅಡಿಯಲ್ಲಿರಬೇಕು. ಕುಂಭಮಾಸದಲ್ಲಿ, ಎಂದರೆ ಫೆಬ್ರವರಿ-ಮಾರ್ಚಿನಲ್ಲಿ, ಗುಂಡಿ ತೋಡಿ ಸೊಪ್ಪು, ಸಗಣಿ, ಬೂದಿಗಳೊಡನೆ ಸುವರ್ಣಗೆಡ್ಡೆಯನ್ನು ನೆಡಬೇಕು. ಮೊದಲ ಮಳೆಗೆ ಅರಸಿನ, ಶುಂಠಿ, ಕೆಸು, ಬಳ್ಳಿಗೆಣಸು. ಮಳೆಯ ನೀರೆಲ್ಲ ಇವಕ್ಕೆ, ದುಡಿಮೆ ಕಡಿಮೆ. ಮಳೆ ತಗ್ಗಿದ ಮೇಲೆ ಅಕ್ಟೋಬರಿನಿಂದ ಏರುಮಡಿಗಳಲ್ಲಿ ಅಲಸಂದೆ, ಬದನೆ, ಬೆಂಡೆ, ಹರಿವೆ.

ಬೇಲಿಯನ್ನು ಬರಿದಾಗಿ ಬಿಡಬಾರದು. ನುಗ್ಗೆ, ಚಕ್ರಮುನಿ ಎರಡೂ ಕೊಂಬೆ ನೆಟ್ಟರೆ ಚಿಗುರುವಂಥವು. ಆದರೆ ಚಕ್ರಮುನಿಯ ಹಸಿ ಎಲೆಯ ರಸವನ್ನು ಮೈ ಇಳಿಸಲೆಂದು ದಿನವೂ ಕುಡಿದು 1990ರ ದಶಕದಲ್ಲಿ ತೈವಾನಿನಲ್ಲಿ ಅನೇಕರ ಶ್ವಾಸಕೋಶ ಕೆಟ್ಟಿತು. ಆದುದರಿಂದ ಬೇಯಿಸಿ, ಹಿತಮಿತವಾಗಿ ತಿನ್ನಿರಿ. ಪಾತ್ರೆ ತೊಳೆದ ನೀರು ಹೋಗುವ ಕಡೆ ಬಾಳೆ, ಕೆಸು. ಬಚ್ಚಲಿನ ಪಕ್ಕದ ಚಪ್ಪರಕ್ಕೆ ಬಸಳೆ.

ಗೊಬ್ಬರಕ್ಕೆ ಹಣ ಕೊಡಬೇಕಾಗಿಲ್ಲ. ಅಡುಗೆಮನೆಯ ಹಸಿ ಕಸ ಒಂದು ಪಾಲು, ತರಗೆಲೆ ಎರಡು ಪಾಲು. ಪದರ ಪದರವಾಗಿ ಹಾಕಿ, ನಡುನಡುವೆ ಸ್ವಲ್ಪ ಸಗಣಿನೀರು ಚಿಮುಕಿಸಿ, ವಾರಕ್ಕೊಮ್ಮೆ ಮಗುಚಿದರೆ ಮೂರು ತಿಂಗಳಲ್ಲಿ ಕಪ್ಪುಮಣ್ಣಿನಂತಾಗುತ್ತದೆ. ಕಾಫಿಯ ಸಿಪ್ಪೆಯನ್ನೂ ಹೀಗೆ ಕೊಳೆಯಿಸಿಯೇ ಹಾಕಬೇಕು. ನಮ್ಮ ಮಲೆನಾಡಿನ ಮಣ್ಣಿನಲ್ಲಿ ಹುಳಿಯ ಗುಣ ಹೆಚ್ಚು. ಒಲೆಯ ಬೂದಿ ಅದನ್ನು ತಗ್ಗಿಸುತ್ತದೆ, ಪೊಟ್ಯಾಷನ್ನೂ ಕೊಡುತ್ತದೆ. ಹಿಡಿ ಬೂದಿ ಸಾಕು, ಬುಟ್ಟಿ ಬೇಡ.

ಲೆಕ್ಕದ ಪುಸ್ತಕ

ಸ್ವಾವಲಂಬನೆಯ ಮಾತನ್ನು ಆಡುವವರು ಲೆಕ್ಕ ತೋರಿಸಬೇಕು. ನಾವು ತರಕಾರಿ ಬೆಳೆಯಲು ತೊಡಗಿದ ವರ್ಷ ಬಣ್ಣದ ಪೊಟ್ಟಣದ ಬೀಜ, ಪ್ಲಾಸ್ಟಿಕ್ ಚೀಲ, ಚೀಲದ ಗೊಬ್ಬರ ಎಲ್ಲವನ್ನೂ ಕೊಂಡೆವು. ವರ್ಷದ ಕೊನೆಗೆ ಕೂಡಿ ಕಳೆದು ನೋಡಿದರೆ ಬಂದ ತರಕಾರಿಗಿಂತ ಕೊಟ್ಟ ದುಡ್ಡೇ ಹೆಚ್ಚು. ಮರುವರ್ಷ ಬೀಜವನ್ನು ನೆರೆಮನೆಯಿಂದ ಕೇಳಿ ತಂದೆವು, ಗೊಬ್ಬರ ಮನೆಯದೇ ಆಯಿತು. ಆಗ ಲೆಕ್ಕ ಸರಿಹೋಯಿತು.

ಎಲ್ಲವನ್ನೂ ಮನೆಯಲ್ಲೇ ಮಾಡುವೆವೆಂಬ ಹಟವೂ ಬೇಡ. ಉಪ್ಪು, ಬೆಲ್ಲ, ಸೀಮೆಯೆಣ್ಣೆ ಕೊಳ್ಳುವ ಕಾಲದಲ್ಲೂ ನಮ್ಮ ಅಜ್ಜಂದಿರು ಸಂತೆಗೆ ಹೋಗುತ್ತಿದ್ದರು. ಯಾವುದನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳಬೇಕಾಗಿಲ್ಲ ಎಂಬ ತಿಳಿವಳಿಕೆಯೇ ಸ್ವಾವಲಂಬನೆ. ಇದರ ಹೊರೆಯನ್ನೆಲ್ಲ ತಾಯಿಯೊಬ್ಬಳ ತಲೆಗೆ ಹೇರಿದರೆ ಅದೂ ಸ್ವಾವಲಂಬನೆಯಲ್ಲ. ಗೆಣಸು ಸುಲಿಯಲು ಅಪ್ಪ, ಬಿಸಿಲಿಗೆ ಹರಡಲು ಮಕ್ಕಳು, ಕಾಗೆ ಓಡಿಸಲು ಅಜ್ಜ. ಹೀಗೆ ಮನೆಮಂದಿಯೆಲ್ಲ ಕೂಡಿದರಷ್ಟೇ ಈ ಕೆಲಸ ಹಗುರ.

ಬೀಜವೆಂಬ ಬಂಡವಾಳ

ಕೊನೆಯದಾಗಿ ಬೀಜದ ಮಾತು. ಅತ್ಯುತ್ತಮ ಗಿಡದ ಮೊದಲ ಕಾಯನ್ನು ತಿನ್ನದೆ ಬೀಜಕ್ಕೆ ಬಿಡಬೇಕು. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಸೋರೆಬುರುಡೆಯಲ್ಲೋ ಬಾಟಲಿಯಲ್ಲೋ ತುಂಬಿ, ಹೆಸರು ತಿಂಗಳು ಬರೆದಿಡಬೇಕು. ಅರ್ಧವನ್ನು ನೆರೆಯವರಿಗೆ ಕೊಡಬೇಕು. ಕೊಟ್ಟ ಬೀಜವೇ ಭದ್ರವಾದ ಬೀಜ. ನಮ್ಮಲ್ಲಿ ಕೆಟ್ಟರೆ ಅವರಲ್ಲಿ ಉಳಿದಿರುತ್ತದೆ.

ಮಾನಂದವಾಡಿಯ ಹತ್ತಿರದ ಕಮ್ಮನದಲ್ಲಿ ಕುರಿಚ್ಯ ಸಮುದಾಯದ ಹಿರಿಯರಾದ ಚೆರುವಯಲ್ ರಾಮನ್ ಅವರಿದ್ದಾರೆ. ಐವತ್ತಕ್ಕೂ ಹೆಚ್ಚು ನಾಡಭತ್ತದ ತಳಿಗಳನ್ನು ಅವರು ತಮ್ಮ ಗದ್ದೆಯಲ್ಲಿ ಬೆಳೆದು ಕಾಪಾಡಿದರು. ಬೀಜವನ್ನು ಅವರು ಮಾರುವುದಿಲ್ಲ. ಕೊಂಡುಹೋದವರು ಬೆಳೆದು, ಕೊಂಡುಹೋದಷ್ಟನ್ನು ಮರಳಿ ತಂದುಕೊಡಬೇಕು, ಅಷ್ಟೇ. 2023ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ದೊಡ್ಡ ಶಾಲೆಗಳಲ್ಲಿ ಓದದೆ, ಹುಲ್ಲಿನ ಮಾಡಿನ ಮನೆಯಲ್ಲಿ ಬಾಳಿ, ಅವರು ಒಂದು ನಾಡಿನ ಉಗ್ರಾಣವನ್ನೇ ಕಾದರು.

ಮಕ್ಕಳೇ, ನೀವು ಮಾಡಬೇಕಾದದ್ದು ಬಹಳವೇನಿಲ್ಲ. ಈ ಬೇಸಗೆಯ ರಜೆಯಲ್ಲಿ ನಿಮ್ಮ ಅಜ್ಜಿಯ ಬಳಿ ಕುಳಿತು, ಅವರು ಕರ್ಕಾಟಕ ಮಾಸವನ್ನು ಹೇಗೆ ದಾಟುತ್ತಿದ್ದರೆಂದು ಕೇಳಿ ಬರೆದುಕೊಳ್ಳಿರಿ. ಒಂದು ವಸ್ತುವನ್ನು ಅವರೊಡನೆ ನಿಮ್ಮ ಕೈಯಾರೆ ಒಣಗಿಸಿರಿ. ಒಂದು ಬಗೆಯ ಬೀಜವನ್ನು ಪೊಟ್ಟಣ ಕಟ್ಟಿ ಶಾಲೆ ತೆರೆಯುವ ದಿನ ತನ್ನಿರಿ, ತರಗತಿಯಲ್ಲಿ ಹಂಚಿಕೊಳ್ಳೋಣ. ಮುಂದಿನ ವರ್ಷ ನಾವು ಅದೇ ಪ್ರಶ್ನೆಯನ್ನು ಮತ್ತೆ ಕೇಳಲಿದ್ದೇವೆ. ಆಗ ನಲವತ್ತು ಮಂದಿಯಲ್ಲಿ ಹತ್ತು ಮಂದಿಯಾದರೂ, “ನಮ್ಮ ಹಿತ್ತಿಲಿಂದ, ಟೀಚರ್” ಎಂದರೆ ಸಾಕು. ಗಾದೆಯ ವಿಸ್ತರಣೆಗೆ ಪೂರ್ಣಾಂಕ ಕೊಡುತ್ತೇವೆ.